ಹೊಸ ಡೆಕ್ಕು ಹತ್ತಿದ ಹಿರಿಯಳಿಯ

ಅಕ್ಕನ ಗಂಡನಿಗೂ ತಂಗಿಯ ಗಂಡನಿಗೂ ಇರುವ ನಂಟಿಗೆ ಷಡ್ಡಕತನ ಎಂದು ಹೆಸರು. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಮನೆಯ ಅಳಿಯಂದಿರು, ಒಂದೇ ಅತ್ತೆಯ ಕೈಯಡುಗೆ ಉಂಡವರು, ಮದುವೆ ಫೋಟೋಗಳಲ್ಲಿ ಹೆಗಲ ಮೇಲೆ ಕೈ ಹಾಕಿ ನಿಂತವರು. ಒಳಗೆ ಮಾತ್ರ ಯಾರ ಎಲೆಗೆ ಏನು ಬಿತ್ತು, ಎಷ್ಟು ಬಿತ್ತು, ಯಾರಿಗೆ ಮೊದಲು ಬಿತ್ತು ಎಂಬ ವಿಚಾರಣೆ ನಡೆಯುತ್ತಲೇ ಇರುತ್ತದೆ. ಈ ವಿಚಾರಣೆಯಲ್ಲಿ ನಮ್ಮ ಮೂಡಲಪಾಳ್ಯದ ಶಿವಯೋಗಿಯವರಷ್ಟು ಕಟ್ಟುನಿಟ್ಟಾದ ಮನುಷ್ಯನನ್ನು ನಾನು ಕಂಡಿಲ್ಲ.

ಶಿವಯೋಗಿಯವರು ನಮ್ಮ ಎದುರು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದರು. ಊರು ರಾಣೆಬೆನ್ನೂರಿನ ಕಡೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ನಟ್ಟು ಬೋಲ್ಟಿನ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಒಳ್ಳೆಯವರೇ. ಆದರೆ ಅವರ ಹೆಂಡತಿ ನೀಲಾಂಬಿಕಾಗೆ ಸುವರ್ಣಾ ಎಂಬ ತಂಗಿಯಿದ್ದಳು. ಆ ತಂಗಿಗೆ ಅರುಣ ಎಂಬ ಗಂಡ ಸಿಕ್ಕಿದ. ಅಲ್ಲಿಂದ ಶಿವಯೋಗಿಯವರ ಹೊಟ್ಟೆ ಉರಿಯಲು ಶುರುವಾದದ್ದು ಯಾವ ಜೆಲುಸಿಲ್ಲಿಗೂ ತಣ್ಣಗಾಗಲಿಲ್ಲ.

ಅರುಣ ಕೆಂಗೇರಿಯಲ್ಲಿದ್ದ. ವಿಜಯನಗರದ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕೆಲಸ. ಅವನಿಗೊಂದು ಹುಚ್ಚು. ಎರಡು ಪುಟಾಣಿ ಚಕ್ರ, ನಡುವೆ ಒಂದು ಹಲಗೆ, ಮುಂದೊಂದು ಹಿಡಿ ಇರುವ, ಒಂದು ಕಾಲು ಮೇಲಿಟ್ಟು ಇನ್ನೊಂದರಲ್ಲಿ ನೆಲ ಒದ್ದು ಓಡಿಸುವ ಸ್ಕೂಟರ್ ಇದೆಯಲ್ಲ, ಅದರ ಮೇಲೆ ನಿಂತು ಮೆಟ್ಟಿಲು ಹಾರುತ್ತಿದ್ದ. ಗಾಳಿಯಲ್ಲಿರುವಾಗ ಆ ಹಲಗೆಯನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ಮತ್ತೆ ಅದರ ಮೇಲೇ ಇಳಿಯುತ್ತಿದ್ದ. ಫ್ರೀಸ್ಟೈಲ್ ಎನ್ನುತ್ತಾರಂತೆ. ವಿಜಯನಗರದಲ್ಲಿ ಮೆಟ್ರೋಗೆಂದು ರಸ್ತೆ ಅಗೆಯಲು ತೊಡಗಿದ್ದ ಆ ವರ್ಷ, ಮಣ್ಣಿನ ಗುಡ್ಡೆಯೊಂದನ್ನು ಅರುಣ ಹೀಗೆ ಹಾರಿದ ಫೋಟೋ ಪತ್ರಿಕೆಯಲ್ಲಿ ಬಂತು. ಅತ್ತೆ ಹಾಲವ್ವ ಅದನ್ನು ಕತ್ತರಿಸಿ, ಊರಿನ ಮನೆಯ ದೇವರ ಗೂಡಿನಲ್ಲಿ ಊದುಬತ್ತಿ ಡಬ್ಬಿಗೆ ಒರಗಿಸಿಟ್ಟಿದ್ದರು.

ಯುಗಾದಿಗೆ ಹಾಲವ್ವ ಹಿರಿಮಗಳ ಮನೆಗೆ ಬಂದರು. ಅರುಣ, ಸುವರ್ಣಾ ಕೂಡ ಬಂದರು. ಎಲೆ ಹಾಕಿದರು. ಆ ಮನೆತನದಲ್ಲಿ ಒಂದು ಪದ್ಧತಿ. ಹಬ್ಬದ ಮೊದಲ ಹೋಳಿಗೆ ಬೀಳಬೇಕಾದದ್ದು ಹಿರಿಯಳಿಯನ ಎಲೆಗೆ. ಮದುವೆಯಾದಾಗಿನಿಂದ ಅದು ಶಿವಯೋಗಿಯವರ ಎಲೆಗೇ ಬೀಳುತ್ತಿತ್ತು. ಅವರ ಬದುಕಿನಲ್ಲಿ ಫ್ಯಾಕ್ಟರಿಯ ಮಾಲೀಕ, ಮನೆಯ ಓನರು, ಬಸ್ಸಿನ ಕಂಡಕ್ಟರು ಯಾರೂ ಅವರನ್ನು ಮೊದಲು ಎಂದು ಕರೆದದ್ದಿಲ್ಲ. ಮೊದಲನೆಯವರಾಗಲು ಅವರಿಗಿದ್ದ ಜಾಗ ಅದೊಂದೇ. ಅಂದು ಹಾಲವ್ವ ಹೋಳಿಗೆ ತಟ್ಟೆ ಹಿಡಿದು ಬಂದರು. ಶಿವಯೋಗಿಯವರು ಎಲೆಯ ಮೇಲಿನ ಕೋಸಂಬರಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡರು. ತಟ್ಟೆ ಅವರ ಎಲೆಯನ್ನು ದಾಟಿ ಮುಂದಕ್ಕೆ ಹೋಯಿತು.

"ಅತ್ತಿ, ನನ್ನ ಎಲಿ ಇಲ್ಲೈತಿ" ಎಂದರು ಶಿವಯೋಗಿ.

"ನಿಮಗೂ ಹಾಕ್ತೀನ್ರಿ ಅಳಿಯಾರ, ಎಲ್ಲಿ ಹೋಗತೈತಿ" ಎಂದು ಹಾಲವ್ವ ಅರುಣನ ಎಲೆಗೆ ಒಂದರ ಮೇಲೊಂದು ಹಾಕಿ ತುಪ್ಪ ಸುರಿದರು. "ಮೊದ್ಲ ಈ ಹುಡುಗ ತಿನ್ಲಿ. ಗಾಳ್ಯಾಗ ಹಾರಿ ಹಾರಿ ಸೊರಗೇತಿ."

ಸೊರಗಿದ ಹುಡುಗನಿಗೆ ಇಪ್ಪತ್ತೇಳು ತುಂಬಿತ್ತು. ಶಿವಯೋಗಿಯವರು ತಮ್ಮ ಪಾಲಿನ ಹೋಳಿಗೆಯನ್ನು ತಿಂದರು, ಆದರೆ ರುಚಿ ಹತ್ತಲಿಲ್ಲ. ಊಟ ಮುಗಿಸುವ ಹೊತ್ತಿಗೆ ಹಾಲವ್ವ, ಊರಿಗೆ ಹೊರಡುವ ಮುಂಚೆ ಬರುವ ಭಾನುವಾರ ಇನ್ನೊಮ್ಮೆ ಹೋಳಿಗೆ ಮಾಡುತ್ತೇನೆ ಎಂದು ಸಾರಿದರು. ಆ ಭಾನುವಾರದ ಮೊದಲ ಹೋಳಿಗೆ ತಮ್ಮ ಎಲೆಗೇ ಬೀಳಬೇಕೆಂದು ಶಿವಯೋಗಿಯವರು ಕೈತೊಳೆಯುತ್ತ ಶಪಥ ಮಾಡಿದರು.

ಊಟದ ಮೇಲೆ ಅರುಣ ಒಂದು ಉದ್ದನೆಯ ಪೆಟ್ಟಿಗೆ ಬಿಚ್ಚಿದ. ಸ್ಕೂಟರಿನ ಜೊತೆ ಬಂದಿದ್ದ ಹಲಗೆ ಹಾರಿ ಹಾರಿ ಬಿರುಕು ಬಿಟ್ಟಿತ್ತು. ಬರೀ ಹಲಗೆಯನ್ನಷ್ಟೇ ತಯಾರಿಸುವ ಯಾವುದೋ ಪರದೇಶದ ಕಂಪನಿಯಿಂದ ಅಂಗಡಿಯ ಗಿರಾಕಿಯೊಬ್ಬರ ಕೈಲಿ ಹೊಸದನ್ನು ತರಿಸಿದ್ದ. ಅದಕ್ಕೆ ಡೆಕ್ಕು ಎನ್ನುತ್ತಾನೆ ಅವನು. ಹಳೆಯದಕ್ಕಿಂತ ಅಗಲ, ಉದ್ದ. ಮೇಲೆ ಕಾಲು ಜಾರದ ಹಾಗೆ ಉಪ್ಪುಕಾಗದದಂಥ ಕಪ್ಪು ಹಾಳೆ, ಅದರ ಮೇಲೆ ನುಣ್ಣನೆಯ ಪ್ಲಾಸ್ಟಿಕ್ ಕವರು. ಹಳೆಯ ಚಕ್ರ, ಹಳೆಯ ಹಿಡಿಗಳನ್ನು ಅದಕ್ಕೆ ಜೋಡಿಸಿ ಬೋಲ್ಟು ಬಿಗಿದ. ಬೋಲ್ಟು ಯಾವ ಸೈಜಿನದು ಎಂದು ಕೂಡ ಅವನು ಶಿವಯೋಗಿಯವರನ್ನು ಕೇಳಲಿಲ್ಲ. ಅದೂ ಒಂದು ಮನಸ್ಸಿನಲ್ಲಿ ಕೂತಿತು.

"ಅಣ್ಣಾರ, ಸಂಡೇ ವಿಜಯನಗರದಾಗ ಕಾಂಪಿಟೇಶನ್ ಐತಿ" ಎಂದ ಅರುಣ. "ಗಾಡಿ ಇಲ್ಲೇ ಇರ್ಲಿ. ಕೆಂಗೇರಿ ಬಸ್ಸಿನಾಗ ಒಯ್ದ್ರ ಹೊಸಾ ಡೆಕ್ಕಿಗೆ ಗೀರು ಬೀಳ್ತಾವ. ಮನ್ಯಾಗ ಹಿರೇರು ನೀವು, ನಿಮ್ಮ ಕೈಲೆ ಒಂದು ಪೂಜಾ ಮಾಡಿಸಿಬಿಡ್ರಿ. ಶನಿವಾರ ಸಂಜಿಮುಂದ ಬಂದು ಟ್ರೈ ಮಾಡ್ತೀನಿ. ಅಲ್ಲೀತನಕ ನಾ ಹತ್ತೂದಿಲ್ಲ."

ಅರುಣ ಇದನ್ನು ಮನಸಾರೆ ಹೇಳಿದ. ಆದರೆ ಹೊಟ್ಟೆಕಿಚ್ಚಿನವರಿಗೆ ಮರ್ಯಾದೆ ಕೊಟ್ಟರೂ ಅದರಲ್ಲಿ ಕಲ್ಲು ಸಿಗುತ್ತದೆ. ಅವನು ಹಾರುವುದು, ನಾನು ತೆಂಗಿನಕಾಯಿ ಒಡೆಯುವುದು, ಹೋಳಿಗೆ ಅವನಿಗೆ, ಚಿಪ್ಪು ನನಗೆ ಎಂದು ಶಿವಯೋಗಿಯವರು ಲೆಕ್ಕ ಹಾಕಿದರು. ಹಾರುವುದರಿಂದಲೇ ಹೋಳಿಗೆ ಸಿಗುವುದಾದರೆ ತಾವೂ ಆ ಡೆಕ್ಕು ಹತ್ತಬೇಕು, ಅರುಣನಿಗಿಂತ ಮೊದಲು ಹತ್ತಬೇಕು, ಅತ್ತೆಯ ಕಣ್ಣೆದುರೇ ಹತ್ತಬೇಕು ಎಂದು ತೀರ್ಮಾನಿಸಿದರು.

ಮರುದಿನ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಸ್ಕೂಟರನ್ನು ಕೆಳಗಿಳಿಸಿದರು. ಅಲ್ಲಿ ಒಂದು ಧರ್ಮಸಂಕಟ ಎದುರಾಯಿತು. ಪೂಜೆಯಾಗದ ಗಾಡಿ ಹತ್ತಬಾರದು. ಪೂಜೆ ಶನಿವಾರ, ಆಂಜನೇಯನ ಗುಡಿಯಲ್ಲಿ. ಹಾರುವವರಿಗೆ ಅವನನ್ನು ಬಿಟ್ಟು ಬೇರೆ ದೇವರುಂಟೇ? ಆದರೆ ಅಲ್ಲಿಯ ತನಕ ಅಭ್ಯಾಸ ಬೇಡವೇ? ಕೊನೆಗೆ ಅವರು ನಡುದಾರಿ ಹಿಡಿದರು. ಹತ್ತಲಿಲ್ಲ. ಹಿಡಿ ಹಿಡಿದುಕೊಂಡು, ಸಂತೆಯಿಂದ ಕರು ಹೊಡೆದುಕೊಂಡು ಬರುವವರ ಹಾಗೆ, ಅದರ ಪಕ್ಕದಲ್ಲಿ ನಡೆಯುತ್ತ ಬೀದಿಯ ಆ ತುದಿಯಿಂದ ಈ ತುದಿಗೆ ತಳ್ಳತೊಡಗಿದರು.

ಪಕ್ಕದ ಮನೆಯ ವಿಮಲಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವರು ಚೊಂಬು ಕೆಳಗಿಟ್ಟರು.

"ಇದೇನ್ರೀ ಶಿವಯೋಗಿಯವರೇ, ಸೈಟ್ ಅಳತೆ ಮಾಡೋ ಗಾಡಿನಾ?"

ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ ತಳ್ಳುತ್ತಿದ್ದೇನೆ ಎಂದು ಯಾರಾದರೂ ಹೇಳುತ್ತಾರೆಯೇ? ಶಿವಯೋಗಿಯವರ ಬಾಯಿಂದ ಸತ್ಯದ ತಲೆಯ ಮೇಲೆ ಹೊಡೆದಂಥ ಒಂದು ಸುಳ್ಳು ಹೊರಬಿತ್ತು.

"ಅಲ್ಲ ವಿಮಲಮ್ಮನೋರೇ, ಡಾಕ್ಟರ್ ಹೇಳಿದಾರೆ. ಶುಗರ್‌ಗೆ."

"ಅಯ್ಯೋ ಪಾಪ. ಆದ್ರೆ ಇದು ಹತ್ತಿ ಓಡ್ಸೋದಲ್ವಾ? ನಮ್ಮಣ್ಣನ ಮೊಮ್ಮಗಳ ಹತ್ರ ಇದೆ."

"ಮೊದಲ ವಾರ ಬರೀ ತಳ್ಳಬೇಕಂತೆ. ಹತ್ತೋದೆಲ್ಲ ಆಮೇಲೆ."

ವಿಮಲಮ್ಮನವರಿಗೆ ಒಂದು ಮಾತು ಹೇಳಿದರೆ ದಂಡೋರ ಹೊಡೆಸುವ ಖರ್ಚು ಉಳಿಯುತ್ತದೆ. ಸಂಜೆ ಶಿವಯೋಗಿಯವರು ಫ್ಯಾಕ್ಟರಿಯಿಂದ ಬರುವಾಗ ಗೇಟಿನಲ್ಲಿ ಓನರ್ ದೊಡ್ಡಣ್ಣ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಅಪ್ಪನ ರಾಗಿ ಹೊಲ. ಈಗ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳಿದ್ದವು, ಬಾಡಿಗೆ ಜೊತೆ ದೊಡ್ಡಣ್ಣನಿಗೆ ಶುಗರೂ ಬಂದಿತ್ತು.

"ಏನ್ ಶಿವಯೋಗಿ, ನಂಗೊಂದ್ ಮಾತು ಹೇಳ್ದೆ ಒಬ್ನೇ ವಾಸಿ ಮಾಡ್ಕೊಳೋಕ್ ಹೊಂಟಿದ್ದೀಯಾ? ತಗೊಂಬಾ ಅದನ್ನ."

ಓನರ್ ಮಾತಿಗೆ ಎದುರಾಡುವುದುಂಟೇ? ದೊಡ್ಡಣ್ಣ ಲುಂಗಿ ಎತ್ತಿ ಕಟ್ಟಿ, ಸ್ಕೂಟರನ್ನು ಆಂಜನೇಯನ ಗುಡಿಯವರೆಗೆ ತಳ್ಳಿಕೊಂಡು ಹೋಗಿ ಬಂದರು. ಹಣೆಯ ಮೇಲೆ ಬೆವರಿತ್ತು. "ಕಾಲೆಲ್ಲ ಹಗುರ ಆಯ್ತು ಕಣಯ್ಯಾ. ಬರೀ ವಾಕಿಂಗ್‌ನಲ್ಲಿ ಇದು ಬರಲ್ಲ" ಎಂದರು.

ಹಾಗೆ ಬರದೇ ಇರುವುದಕ್ಕೆ ಕಾರಣ, ಅವರು ಅದುವರೆಗೆ ಒಂದು ದಿನವೂ ವಾಕಿಂಗ್ ಹೋಗಿರಲಿಲ್ಲ. ಆದರೆ ಇದನ್ನು ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ವಾರದ ನಡುವಿನ ಹೊತ್ತಿಗೆ ಶಿವಯೋಗಿಯವರ ಬಾಗಿಲಲ್ಲಿ ಬೆಳಗಾದರೆ ಜನ. ಹಿಟ್ಟಿನ ಗಿರಣಿಯ ಕೆಂಪಯ್ಯ ತನ್ನ ಸರದಿಯನ್ನು ದೊಡ್ಡಣ್ಣ ನುಂಗಿದರು ಎಂದು ಮುನಿಸಿಕೊಂಡ. ವಿಮಲಮ್ಮ ತಮ್ಮ ಯಜಮಾನರನ್ನು ಮಂಕಿಕ್ಯಾಪ್ ಹಾಕಿಸಿ ಕಳಿಸಿದರು. ನನಗೆ ಶುಗರ್ ಇಲ್ಲ. ಆದರೂ ಮುಂದೆ ಬಂದರೆ ಇರಲಿ ಎಂದು ನಾನೂ ಒಂದು ರೌಂಡು ತಳ್ಳಿದೆ.

ಗುರುವಾರ ಬೀಟಿನ ಕಾನ್‌ಸ್ಟೇಬಲ್ ಯಲ್ಲಪ್ಪನವರು ಬೈಕು ನಿಲ್ಲಿಸಿದರು. ಬೆಳಗಿನ ಹೊತ್ತು ಒಂದು ಸಣ್ಣ ಗಾಡಿಯ ಹಿಂದೆ ಇಷ್ಟು ಜನ ದೊಡ್ಡವರು ಗಂಭೀರವಾಗಿ ನಡೆಯುತ್ತಿದ್ದರೆ ಯಾವ ಪೊಲೀಸನಿಗೂ ಅನುಮಾನ ಬರುತ್ತದೆ.

"ಯಾರದ್ರೀ ಇದು? ನಂಬರ್ ಪ್ಲೇಟ್ ಎಲ್ಲಿ?"

"ಸಾರ್, ಇದಕ್ಕೆ ನಂಬರ್ ಇರಲ್ಲ ಸಾರ್" ಎಂದರು ಶಿವಯೋಗಿ.

"ನಂಬರ್ ಇಲ್ಲದ ಗಾಡಿ ರೋಡಿಗೆ ಯಾಕ್ರೀ ತಂದ್ರಿ? ಇಷ್ಟು ಜನ ಸೇರಿದೀರಾ, ಪರ್ಮಿಶನ್ ಇದ್ಯಾ?"

"ಶುಗರ್‌ಗೆ ಸಾರ್. ಹತ್ತೋ ಹಾಗಿಲ್ಲ, ಬರೀ ತಳ್ಳೋದು."

ಯಲ್ಲಪ್ಪನವರು ಸುತ್ತ ನೋಡಿದರು. ಹೆಲ್ಮೆಟ್ ತೆಗೆದರು. "ಊಟಕ್ಕೆ ಮುಂಚೆ ತಳ್ಳಬೇಕಾ, ಆದ್ಮೇಲಾ?" ಎಂದು ದನಿ ತಗ್ಗಿಸಿ ಕೇಳಿದರು. ಅವರ ಸರದಿ ಮುಗಿಯುವವರೆಗೆ ಬೈಕನ್ನು ಕೆಂಪಯ್ಯ ಕಾದ.

ಬೀದಿಯಲ್ಲಿ ಶಿವಯೋಗಿಯವರಿಗೆ ಹಿಂದೆಂದೂ ಇಲ್ಲದ ಗೌರವ ಸಿಕ್ಕಿತು. ಮನೆಯೊಳಗೆ ಆದದ್ದೇ ಬೇರೆ. ಸುದ್ದಿ ವಿಮಲಮ್ಮನ ಬಾಯಿಂದ ಹಾಲವ್ವನ ಕಿವಿಗೆ ಮುಟ್ಟಿತ್ತು. ಅಂದು ರಾತ್ರಿಯೂಟಕ್ಕೆ ಕುಳಿತರೆ ಅವರ ಮುಂದೆ ಒಣ ರೊಟ್ಟಿ, ಹಾಗಲಕಾಯಿ ಪಲ್ಯ, ಲೋಟದಲ್ಲಿ ಹಸಿರು ಬಣ್ಣದ ಏನೋ ಒಂದು.

"ಕುಡೀರಿ ಅಳಿಯಾರ, ಹಾಗಲಕಾಯಿ ರಸ" ಎಂದರು ಹಾಲವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು. "ಇಷ್ಟು ದೊಡ್ಡ ಜಡ್ಡು ಇಟ್ಕೊಂಡು ಯುಗಾದಿ ದಿನ ನನ್ನ ಹೋಳಿಗಿ ತಿಂದೀರಲ್ಲ. ನಾ ಬ್ಯಾರೆ ತುಪ್ಪಾ ಹಾಕಿದೆ."

ನೀಲಾಂಬಿಕಾ ಗಂಡನನ್ನು ಅಡುಗೆಮನೆಗೆ ಕರೆದಳು. "ಯಾವಾಗ ಬಂತ್ರೀ ನಿಮಗ ಸಕ್ಕರಿ? ನನಗ ಗೊತ್ತಿಲ್ಲದ?"

"ಬಂದೈತಿ. ಸ್ವಲ್ಪ."

"ನಿನ್ನೆ ರಾತ್ರಿ ಬೆಲ್ಲದ ಡಬ್ಬಿ ಖಾಲಿ ಮಾಡೀರಿ."

"ಅದಕ್ಕ ಬಂದೈತಿ."

ಸುಳ್ಳನ್ನು ಒಪ್ಪಿಕೊಂಡರೆ ಬೆಳಿಗ್ಗೆ ಗಾಡಿ ಯಾಕೆ ತಳ್ಳಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಿದರೆ ಅರುಣನ ಹೆಸರು ಬರುತ್ತದೆ. ಅರುಣನ ಮೇಲೆ ಹೊಟ್ಟೆಕಿಚ್ಚು ಎಂದು ಅತ್ತೆಗೆ ಗೊತ್ತಾಗುವುದಕ್ಕಿಂತ ಹಾಗಲಕಾಯಿಯೇ ಮೇಲು ಎಂದು ಶಿವಯೋಗಿಯವರು ಲೋಟ ಎತ್ತಿದರು. ಅರ್ಧ ಕುಡಿದಾಗ ಹಾಲವ್ವ ಹೇಳಿದರು:

"ಐತವಾರ ಹೋಳಿಗಿ ಮಾಡ್ತೀನಿ, ಆದ್ರ ನಿಮಗ ಬ್ಯಾಡ್ರಿ."

"ಒಂದ..."

"ಒಂದೂ ಬ್ಯಾಡ. ನಿಮ್ಮ ಪಾಲಿಂದೂ ಅರುಣಗ ಹಾಕ್ತೀನಿ."

ಉಳಿದರ್ಧ ರಸವನ್ನು ಶಿವಯೋಗಿಯವರು ಹಾಗೇ ಕೆಳಗಿಟ್ಟರು. ಮೊದಲ ಹೋಳಿಗೆ ಹೋಗಿತ್ತು, ಈಗ ಎರಡನೆಯದೂ, ಕೊನೆಯದೂ ಹೋಯಿತು, ಅದೂ ಆ ಪಾಪಿಯ ಎಲೆಗೇ ಹೋಯಿತು. ಅವರಿಗೆ ಉಳಿದದ್ದು ಒಂದೇ ದಾರಿ. ಶನಿವಾರ ಡೆಕ್ಕಿನ ಮೇಲೆ ಅವರು ಎಂಥ ಠೀವಿಯಿಂದ ಹೊರಡಬೇಕೆಂದರೆ, ಇಷ್ಟು ಗಟ್ಟಿಯಾದ ಮನುಷ್ಯನಿಗೆ ಎಲ್ಲಿಯ ಜಡ್ಡು ಎಂದು ಅತ್ತೆಯೇ ತಟ್ಟೆ ಹಿಡಿದು ಓಡಿ ಬರಬೇಕು.

ಶನಿವಾರ ಬೆಳಿಗ್ಗೆ ಆಂಜನೇಯನ ಗುಡಿಯ ಮುಂದೆ ಇಡೀ ಬೀದಿ ನೆರೆದಿತ್ತು. ಮೊದಲ ವಾರ ಮುಗಿಯಿತು, ಇಂದು ಹತ್ತುತ್ತಾರೆ ಎಂದು ಶುಗರಿನವರೆಲ್ಲ ತಮ್ಮ ತಮ್ಮ ಮುಂದಿನ ಹೆಜ್ಜೆ ನೋಡಿಕೊಳ್ಳಲು ಬಂದಿದ್ದರು. ಹಾಲವ್ವ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದರು. ಅರ್ಚಕರು ಹಿಡಿಗೆ ಹಾರ ಹಾಕಿ, ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ನಿವಾಳಿಸಿ ಒಡೆಸಿದರು. ಕುಂಬಳಕಾಯಿ ದಾರಿಯ ನಡುವೆ ಹೋಳಾಗಿ ಬಿತ್ತು. ಉಳಿದದ್ದು ನಿಂಬೆಹಣ್ಣು. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗದೆ ಪೂಜೆ ಪೂರ್ತಿಯಾಗುವುದಿಲ್ಲ.

ನಿಂಬೆಹಣ್ಣನ್ನು ದೊಡ್ಡಣ್ಣ ತಮ್ಮ ಹಿತ್ತಲ ಗಿಡದಿಂದ ತಂದಿದ್ದರು. ಅವರ ಮನೆಯಲ್ಲಿ ಸಣ್ಣದು ಎಂಬುದೇ ಇಲ್ಲ. ಅರ್ಚಕರು ಹಣ್ಣನ್ನು ನೋಡಿದರು, ಪೂರಿಯಗಲದ ಚಕ್ರವನ್ನು ನೋಡಿದರು.

"ಶಿವಯೋಗಿಯವರೇ, ಚಕ್ರಕ್ಕೆ ಸುಮ್ನೆ ಮುಟ್ಟಿಸಿ ತೆಗೆದ್ರೆ ಸಾಕು. ಆಂಜನೇಯ ಏನೂ ಅಂದ್ಕೊಳಲ್ಲ."

"ಇಲ್ಲ ಸ್ವಾಮಿ. ಲಾರಿಗೆ ಒಂದು ನ್ಯಾಯ, ಇದಕ್ಕೊಂದು ನ್ಯಾಯ ಬೇಡ. ಪದ್ಧತಿ ಅಂದ್ರೆ ಪದ್ಧತಿ."

ನೀಲಾಂಬಿಕಾ ಹತ್ತಿರ ಬಂದು, "ಆ ಪ್ಲಾಸ್ಟಿಕ್ ಆದ್ರೂ ತಗೀರಿ, ಕಾಲು ಜಾರತೈತಿ" ಎಂದಳು.

"ಹೊಸಾ ಮಾಲು. ಕವರ್ ತಗದ್ರ ಹಳೇದಾಗತೈತಿ" ಎಂದರು ಶಿವಯೋಗಿ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಮನೆಯ ಸೋಫಾ, ಟಿವಿ ರಿಮೋಟು, ಬೈಕಿನ ಸೀಟು ಎಲ್ಲವೂ ಇನ್ನೂ ಕವರಿನೊಳಗೇ ಇದ್ದವು.

ಮುಂದಿನ ಚಕ್ರದೆದುರು ಹಣ್ಣಿಟ್ಟಾಯಿತು. ನಿಂತಲ್ಲಿಂದ ತಳ್ಳಿದರೆ ಇಷ್ಟು ದಪ್ಪ ಹಣ್ಣು ಒಡೆಯುವುದಿಲ್ಲ ಎಂದು ಶಿವಯೋಗಿಯವರಿಗೆ ಅನಿಸಿತು. ಗಾಡಿಯನ್ನು ಹಿಂದಕ್ಕೆ, ರಸ್ತೆಯ ಏರಿನ ತುದಿಗೆ ಒಯ್ದರು. ಪಂಚೆ ಮೇಲೆ ಕಟ್ಟಿದರು. ಅತ್ತೆಯ ಕಡೆ ಒಮ್ಮೆ ನೋಡಿ, ಡೆಕ್ಕಿನ ಮೇಲೆ ಬಲಗಾಲಿಟ್ಟು ಎಡಗಾಲಲ್ಲಿ ಒದ್ದರು. ಇಳಿಜಾರು. ಮತ್ತೊಮ್ಮೆ ಒದ್ದರು. ಹಾರ ಗಾಳಿಗೆ ಹಾರಾಡಿತು. ನಿಜ ಹೇಳಬೇಕೆಂದರೆ ಆ ಕ್ಷಣ ಅವರು ಚೆನ್ನಾಗಿಯೇ ಕಾಣುತ್ತಿದ್ದರು.

ಚಕ್ರ ನಿಂಬೆಹಣ್ಣನ್ನು ಮುಟ್ಟಿತು. ನಿಂಬೆಹಣ್ಣು ಜಗ್ಗಲಿಲ್ಲ. ಸ್ಕೂಟರ್ ಅಲ್ಲೇ ನಿಂತಿತು. ಶಿವಯೋಗಿಯವರು ನಿಲ್ಲಲಿಲ್ಲ. ಪ್ಲಾಸ್ಟಿಕ್ ಕವರು ಅವರ ಪಾದವನ್ನು ಮರ್ಯಾದೆಯಿಂದ ಬೀಳ್ಕೊಟ್ಟಿತು. ಅವರು ಹಿಡಿಯ ಮೇಲಿನಿಂದ, ಹಾರದ ಮೇಲಿನಿಂದ, ಬಗ್ಗಿ ನಿಂತಿದ್ದ ಅರ್ಚಕರ ಮೇಲಿನಿಂದ ಹೋದರು.

"ಅಯ್ಯ, ಅಳಿಯಾರೂ ಹಾರಿದ್ರಲ್ಲ" ಎಂದರು ಹಾಲವ್ವ.

ಹಾರುವುದರಲ್ಲಿ ಅವರು ಅರುಣನಿಗೆ ಏನೂ ಕಡಿಮೆ ಇರಲಿಲ್ಲ. ಇಳಿಯುವುದನ್ನು ಮಾತ್ರ ಕಲಿತಿರಲಿಲ್ಲ. ಎರಡೂ ಕೈ ಮುಂದೆ ಚಾಚಿ ಕುಂಬಳಕಾಯಿ ಹೋಳಿನ ಮೇಲೆ ಇಳಿದು, ಅಲ್ಲಿಂದ ಇನ್ನಷ್ಟು ದೂರ ಜಾರಿ, ಕೆಂಪಯ್ಯನ ಗಿರಣಿಯ ಮೆಟ್ಟಿಲ ಬಳಿ ನಿಂತರು.

ಜನ ಓಡಿದರು. ಅರ್ಧ ಜನ ಶಿವಯೋಗಿಯವರ ಕಡೆ, ಅರ್ಧ ಜನ ಸ್ಕೂಟರಿನ ಕಡೆ. "ಗಾಡಿಗೇನೂ ಆಗಿಲ್ಲ ಬಿಡಿ" ಎಂದು ದೊಡ್ಡಣ್ಣ ಕೂಗಿ ಎಲ್ಲರಿಗೂ ಧೈರ್ಯ ಹೇಳಿದರು. ಡೆಕ್ಕಿನ ಮೇಲೆ ಒಂದು ಗೀರೂ ಇರಲಿಲ್ಲ. ನಿಂಬೆಹಣ್ಣೂ ಇಟ್ಟ ಹಾಗೇ ಇತ್ತು.

ಚಂದ್ರಾ ಲೇಔಟಿನ ನರ್ಸಿಂಗ್ ಹೋಮಿನಲ್ಲಿ ಎರಡೂ ಮಣಿಕಟ್ಟು ಮುರಿದಿದೆ ಎಂದು ಹೇಳಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಸಕ್ಕರೆ ಕಾಯಿಲೆಯವರಿಗೆ ಮುರಿದ ಮೂಳೆ ಕೂಡುವುದಿಲ್ಲ ಎಂದು ಹಾಲವ್ವ ಅಳುತ್ತಿದ್ದುದರಿಂದ ಡಾಕ್ಟರು ರಕ್ತವನ್ನೂ ನೋಡಿದರು.

"ಯಾರಮ್ಮ ಹೇಳಿದ್ದು ಶುಗರ್ ಅಂತ? ಎಲ್ಲ ನಾರ್ಮಲ್ ಇದೆ. ಸಕ್ಕರೆ ಗಿಕ್ಕರೆ ಏನೂ ಇಲ್ಲ."

ಶಿವಯೋಗಿಯವರ ಮುಖದಲ್ಲಿ ಆ ನೋವಿನಲ್ಲೂ ಒಂದು ಕಳೆ ಬಂತು. ಇನ್ನು ಹೋಳಿಗೆಗೆ ಅಡ್ಡಿಯಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದ ದೊಡ್ಡಣ್ಣ ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಯಲ್ಲಪ್ಪನವರ ಭುಜ ಹಿಡಿದು ಅಲುಗಿಸಿದರು.

"ಒಂದೇ ವಾರಕ್ಕೆ ಪೂರ್ತಿ ವಾಸಿ. ನಾನ್ ಹೇಳ್ಲಿಲ್ವಾ? ತಳ್ಳೋದರಲ್ಲಿ ಐತೆ ಗುಟ್ಟು."

"ಇಳದೈತಂತ?" ಎಂದರು ಹಾಲವ್ವ ಕೈಮುಗಿದು. "ಇಳದಿದ್ದು ಮತ್ತ ಏರಬಾರದು. ಅಳಿಯಾರಿಗೆ ಹಾಗಲಕಾಯಿ ಬಿಡಸೂದಿಲ್ಲ."

ಅಂದು ಸಂಜೆ ಬಂದ ಅರುಣ ಡೆಕ್ಕಿನ ಪ್ಲಾಸ್ಟಿಕ್ ಕವರನ್ನು ಸರ್ರನೆ ಕಿತ್ತೆಸೆದು, ಬೀದಿಯಲ್ಲಿ ಹಾರಿ ನೋಡಿದ. ಹೊಸ ಡೆಕ್ಕು ಅವನ ಕಾಲಿಗೆ ಅಂಟಿಕೊಂಡ ಹಾಗಿತ್ತು. ಮರುದಿನ ಸ್ಪರ್ಧೆಯಲ್ಲಿ ಅವನೇ ಮೊದಲನೆಯವನಾಗಿ ಬಂದ. ಮಧ್ಯಾಹ್ನ ಸ್ಕೂಟರ್ ಹೆಗಲಿಗೇರಿಸಿ, ಕೈಯಲ್ಲಿ ಫಳಫಳ ಹೊಳೆಯುವ ಬಹುಮಾನದ ಕಪ್ಪು ಹಿಡಿದು ಮೂಡಲಪಾಳ್ಯಕ್ಕೆ ಬಂದಾಗ ಗೇಟಿನ ಮುಂದೆ ಜನವಿತ್ತು. ತನ್ನನ್ನು ನೋಡಲೆಂದೇ ಬಂದವರು ಎಂದುಕೊಂಡು ಅವನು ಕಪ್ಪನ್ನು ಮೇಲೆತ್ತಿದ.

"ಬಂದ್ಯಾಪ್ಪಾ" ಎಂದರು ದೊಡ್ಡಣ್ಣ. "ಅದಿರ್ಲಿ, ಆ ಶಿವಯೋಗಿಯವರ ಗಾಡಿ ಇಲ್ಲಿ ಕೊಡು. ಬೆಳಿಗ್ಗೆಯಿಂದ ಕಾಯ್ತಾ ಇದೀವಿ."

"ಅಂಕಲ್, ಅದು ನನ್ನ ಗಾಡಿ."

"ಆಯ್ತಪ್ಪ, ಯಾರದಾದ್ರೇನು. ವಾಸಿ ಆಗಿದ್ದು ಅವರಿಗೆ ತಾನೆ?"

ಮೇಲೆ ಎಲೆ ಹಾಕಿತ್ತು. ಮೊದಲಿನದು ಶಿವಯೋಗಿಯವರದು, ಪಕ್ಕದ್ದು ಅರುಣನದು, ಮೂರನೆಯದು ರೋಗಿಯನ್ನು ನೋಡಲು ಹೋಗಿ ಊಟಕ್ಕೆ ಸಿಕ್ಕಿಬಿದ್ದ ನನ್ನದು. ಶಿವಯೋಗಿಯವರು ಎರಡು ಬಿಳಿಯ ಕೈಗಳನ್ನು ದಿಂಬಿನ ಮೇಲಿಟ್ಟು ಕುಳಿತಿದ್ದರು. ಹಾಲವ್ವ ಅವರ ಪಕ್ಕದಲ್ಲೇ ಮಣೆ ಹಾಕಿಕೊಂಡು ರೊಟ್ಟಿ ಮುರಿಯುತ್ತಿದ್ದರು. ಹೋಳಿಗೆಯ ತಟ್ಟೆ ಅಡುಗೆಮನೆಯ ಕಟ್ಟೆಯ ಮೇಲೆ ಘಮಘಮ ಎನ್ನುತ್ತಿತ್ತು.

"ಅತ್ತಿ, ನಾ ಫಸ್ಟ್ ಬಂದೀನ್ರಿ" ಎಂದ ಅರುಣ.

"ಚಲೋ ಆತಪಾ. ಅಲ್ಲೆ ಮೂಲ್ಯಾಗ ಇಡು, ಕಾಲಿಗೆ ತಾಗೀತು" ಎಂದರು ಹಾಲವ್ವ, ತಿರುಗಿ ನೋಡದೆ. "ಸುವರ್ಣಾ, ಹೋಳಿಗಿ ಆಮ್ಯಾಲೆ ಹಾಕುವಂತಿ, ತಡಿ. ಮೊದ್ಲ ಹಿರೇ ಅಳಿಯಾರು ಉಣ್ಲಿ. ಹೆಂಗ ಹಾರಿದ್ರಂತಿ, ಸ್ವಾಮಗೋಳ ತಲಿ ಮ್ಯಾಲಿಂದ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಾದೆಯಿದೆ. ಶಿವಯೋಗಿಯವರದು ಉಲ್ಟಾ. ಕೈಯೇ ಇಲ್ಲದೆ ತುತ್ತು ನೇರವಾಗಿ ಬಾಯಿಗೆ ಬಂತು. ಆ ಮನೆಯ ಮೊದಲ ತುತ್ತು, ಅತ್ತೆಯ ಸ್ವಂತ ಕೈಯಿಂದ, ಎಲ್ಲರೂ ಕಾಯುತ್ತಿರುವಾಗ. ಹಾಗಲಕಾಯಿ ತುಂಬಿದ ತುತ್ತು. ಅವರ ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದುಕೊಂಡು ಹಾಲವ್ವ ಸೆರಗಿನಿಂದ ಒರೆಸಿ, ಬೆನ್ನು ನೇವರಿಸಿ, ಇನ್ನೂ ದೊಡ್ಡ ತುತ್ತು ಮಾಡಿದರು.

ಅಂತೂ ಅರುಣನ ಎಲೆಗೆ ಹೋಳಿಗೆ ಬಿತ್ತು. ಅವನ ಪಾಲಿನದೂ ಬಿತ್ತು, ಶಿವಯೋಗಿಯವರ ಪಾಲಿನದೂ ಬಿತ್ತು. ಅವನು ಮುರಿಯಲಿಲ್ಲ. ಅತ್ತೆ ಹಿರಿಯಳಿಯನ ಮೀಸೆಗೆ ಹತ್ತಿದ ಪಲ್ಯ ಒರೆಸುವುದನ್ನೇ ನೋಡುತ್ತ ಕುಳಿತ. ಮೂಲೆಯಲ್ಲಿದ್ದ ಕಪ್ಪಿನೊಳಗೆ ನೀಲಾಂಬಿಕಾ ಆಗಲೇ ಚಮಚಗಳನ್ನು ನಿಲ್ಲಿಸಿದ್ದಳು. ಕೆಳಗೆ ಬೀದಿಯಲ್ಲಿ ಅವನ ಹೊಸ ಡೆಕ್ಕಿನ ಗಾಡಿಯನ್ನು ಯಾರೋ ತಳ್ಳಿಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಅವನ ಮುಖದಲ್ಲಿ ಮೂಡುತ್ತಿದ್ದದ್ದನ್ನು ನಾನು ಗುರುತು ಹಿಡಿದೆ. ಯುಗಾದಿಯ ಮರುದಿನ ಸ್ಕೂಟರ್ ಹಿಡಿದು ಇದೇ ಮನೆಯ ಮೆಟ್ಟಿಲಿಳಿಯುತ್ತಿದ್ದ ಶಿವಯೋಗಿಯವರ ಮುಖದಲ್ಲಿ ಅದನ್ನೇ ಕಂಡಿದ್ದೆ.

ಅರುಣ ಸ್ವಲ್ಪ ಶಿವಯೋಗಿಯವರ ಕಡೆ ವಾಲಿ, ಅತ್ತೆಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದ.

"ಅಣ್ಣಾರ, ದೊಡ್ಡಣ್ಣಾರ ಗಿಡದಾಗ ಆ ನಿಂಬಿಹಣ್ಣು ಇನ್ನೂ ಅದಾವೇನ್ರಿ?"

ಬಾಯಿ ತುಂಬ ಹಾಗಲಕಾಯಿ ಇದ್ದುದರಿಂದ ಶಿವಯೋಗಿಯವರು ಇವೆ ಎಂದು ತಲೆಯಷ್ಟೇ ಆಡಿಸಿದರು. ಕಣ್ಣು ಮಾತ್ರ ಅರುಣನ ಎಲೆಯ ಹೋಳಿಗೆಯ ಮೇಲೇ ಇತ್ತು.